ಹೆಗಲ ಮೇಲಿನ ಹೊಲಿಗೆ

ಹುಚಿತಾನ್ ಊರಿನಲ್ಲಿ ಉತ್ತರದ ಗಾಳಿ ಬೀಸುವ ತಿಂಗಳುಗಳಲ್ಲಿ ಯಾರ ಮನೆಯ ಜಗಳವೂ ಬೀದಿಗೆ ಕೇಳಿಸುವುದಿಲ್ಲ. ಗಾಳಿಯೇ ಎಲ್ಲರಿಗಿಂತ ಜೋರು. ಹಾಗಾಗಿ ದೆಲ್ಫೀನಾಳ ಮನೆಯ ಜಗಳ ನೆರೆಯವರ ಕಿವಿಗೆ ಬಿದ್ದದ್ದು ಮಾರ್ಚಿನಲ್ಲಿ, ಗಾಳಿ ನಿಂತ ಮೇಲೆ. ಅದು ಶುರುವಾದದ್ದು ಮಾತ್ರ ಫೆಬ್ರವರಿಯಲ್ಲೇ, ಒಂದೂವರೆ ಗಜ ಕಪ್ಪು ಮಖಮಲ್ಲಿನಿಂದ.

ಆ ಮಖಮಲ್ಲು ತಂದವಳು ಬಿಯಾನಿ, ದೆಲ್ಫೀನಾಳ ಒಬ್ಬಳೇ ಮಗಳು, ಹದಿನಾರು ವರ್ಷದವಳು. ಮೇ ತಿಂಗಳ ವೇಲಾ ಉತ್ಸವಕ್ಕೆ ಈ ಸಲ ಕೇರಿಯವರು ಅವಳನ್ನು ನಾಯಕಿಯಾಗಿ ಆರಿಸಿದ್ದರು. ನಾಯಕಿಯಾದವಳು ಮೊದಲ ಕುಣಿತವನ್ನು ತಾಯಿಯ ಜೊತೆ ಕುಣಿಯಬೇಕು, ಅದು ಕೇರಿಯ ಪದ್ಧತಿ. ಸತ್ತವರಿಗಾಗಿ ಕಪ್ಪು ಉಟ್ಟ ಹೆಂಗಸು ಕುಣಿತದ ಅಂಗಳಕ್ಕೆ ಕಾಲಿಡುವಂತಿಲ್ಲ, ಹಿಂದಿನ ಕುರ್ಚಿಗಳಲ್ಲಿ ಕೂರಬೇಕು, ಅದೂ ಕೇರಿಯ ಪದ್ಧತಿಯೇ. ದೆಲ್ಫೀನಾಳ ಗಂಡ ಹೆರ್ಮಿಲೋನ ಲಾರಿ ಲಾ ವೆಂತೋಸಾದ ಬಯಲಿನಲ್ಲಿ ನವೆಂಬರಿನ ಗಾಳಿಗೆ ಮಗುಚಿ ಬಿದ್ದು ಎರಡು ವರ್ಷ ಮೂರು ತಿಂಗಳಾಗಿತ್ತು. ಅಂದಿನಿಂದ ಅವಳು ಕಪ್ಪು ಬಿಟ್ಟು ಬೇರೇನನ್ನೂ ಉಟ್ಟಿರಲಿಲ್ಲ.

ಕಪ್ಪು ಯಾವಾಗ ಬಿಡಬಹುದೆಂದು ಬಾಯಿಬಿಟ್ಟು ಹೇಳಬೇಕಾದವಳು ಅತ್ತೆ. ಅತ್ತೆ ತೊಮಾಸಾ ತನ್ನ ಗಂಡ ಸತ್ತು ಇಪ್ಪತ್ತೆರಡು ವರ್ಷವಾದರೂ ತಾನೇ ಕಪ್ಪು ಬಿಟ್ಟವಳಲ್ಲ. ಇಂಥವಳ ಬಾಯಿಂದ ಆ ಮಾತು ಬರಲಿ ಎಂದು ಕಾಯುವುದು ಗೊಡ್ಡೆಮ್ಮೆಯ ಮುಂದೆ ಚೊಂಬು ಹಿಡಿದು ಕೂತ ಹಾಗೆ. ದೆಲ್ಫೀನಾ ಕೂತಿದ್ದಳು. ಬೆಳಗಿನ ಜಾವಕ್ಕೆ ಎದ್ದು ಮೆಕ್ಕೆಜೋಳದ ಹಿಟ್ಟು ತಟ್ಟಿ, ಮಣ್ಣಿನ ಒಲೆಯ ಒಳಗೋಡೆಗೆ ತೂತಿನ ರೊಟ್ಟಿ ಅಂಟಿಸಿ, ಗರಿಗರಿಯಾಗಿ ಸುಟ್ಟು, ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಿದ್ದಳು. ಅವಳ ಮುಂಗೈ ತುಂಬ ಒಲೆಯ ಸುಟ್ಟ ಗೆರೆಗಳಿದ್ದವು. ತೊಮಾಸಾ ಮನೆಯಲ್ಲಿದ್ದು ಕಸೂತಿ ಹಾಕುತ್ತಿದ್ದಳು. ಕೇರಿಯಲ್ಲಿ ಅವಳಷ್ಟು ಕೈಚಳಕ ಇನ್ನೊಬ್ಬರಿಗಿರಲಿಲ್ಲ, ಅದನ್ನು ಅವಳು ದಿನಕ್ಕೆರಡು ಸಲ ನೆನಪಿಸುತ್ತಲೂ ಇದ್ದಳು.

ಮಧ್ಯಾಹ್ನ ಒಣ ಸಿಗಡಿ ಹಾಕಿದ ಹುರುಳಿ ಸಾರು ಉಣ್ಣುತ್ತಿದ್ದಾಗ ಬಿಯಾನಿ ತಟ್ಟೆ ಸರಿಸಿ, ತಾನು ಬರೆದ ಉದ್ದನೆಯ ಕಾಗದ ಹರಡಿದಳು. ಅಂಗಳದ ದೇವಗಣಗಿಲೆ ಮರವನ್ನು ಬರೆದಿದ್ದಳು. ಗಾಳಿ ನಿಂತು ಮಳೆ ಇನ್ನೂ ಬಾರದ ನಡುವಿನ ದಿನಗಳಲ್ಲಿ ಆ ಮರಕ್ಕೆ ಒಂದು ಎಲೆಯೂ ಇರುವುದಿಲ್ಲ. ಬೋಳು ಕೊಂಬೆಗಳ ತುದಿಯಲ್ಲಿ ಹೂಗೊಂಚಲು ಮಾತ್ರ. ಕಾಗದದ ಈ ತುದಿಯಿಂದ ಆ ತುದಿಯವರೆಗೆ ಅವೇ ಕೊಂಬೆಗಳು ಮೇಲಕ್ಕೆ ಚಾಚಿದ್ದವು.

"ಗುಲಾಬಿ ಎಲ್ಲಿ?" ಎಂದಳು ತೊಮಾಸಾ.

"ಗುಲಾಬಿ ಎಲ್ರೂ ಹಾಕ್ತಾರಲ್ಲಜ್ಜಿ. ನಮ್ಮಂಗಳದಲ್ಲಿ ಗುಲಾಬಿ ಎಲ್ಲೈತೆ? ಗಾಳಿ ಹೋದ್ಮೇಲೆ ನಮ್ಗೆ ಮೊದಲು ಕಾಣೋದು ಇದೇ. ಇದು ಅವ್ವನ ಕುಪ್ಪಸಕ್ಕೆ. ಮೇ ತಿಂಗಳಿಗೆ."

ತೊಮಾಸಾ ಕಾಗದ ಎತ್ತಿಕೊಂಡಳು. ಒಮ್ಮೆ ನೆಟ್ಟಗೆ ನೋಡಿದಳು, ಒಮ್ಮೆ ತಲೆಕೆಳಗು ಮಾಡಿ ನೋಡಿದಳು, ಮತ್ತೆ ಮೊದಲಿದ್ದಂತೆ ಇಟ್ಟಳು. ಅಷ್ಟು ಹೊತ್ತು ಅವಳು ಅಗಿಯುವುದನ್ನೂ ನಿಲ್ಲಿಸಿದ್ದಳು.

"ಬಿಳಿ ಹೂ," ಎಂದಳು ಕೊನೆಗೆ. "ಕಪ್ಪಿನ ಮೇಲೆ ಬಿಳಿ, ಕಪ್ಪುಟ್ಟೋರಿಗೂ ಆಗುತ್ತೆ. ನೀನು ಹೆಂಗೆ ಬರ್ದಿದ್ದೀಯೋ ಹಂಗೇ ಹೊಲೀತೀನಿ. ಒಂದೆಳೆ ಆಚೀಚೆ ಮಾಡಲ್ಲ."

ಬಿಯಾನಿ ಎದ್ದು ಅಜ್ಜಿಯ ಕೆನ್ನೆಗೆ ಮುತ್ತಿಟ್ಟಳು. ದೆಲ್ಫೀನಾಳಿಗೆ ಬೆಕ್ಕು ಹಾಲು ಬೇಡ ಅಂದಷ್ಟು ಆಶ್ಚರ್ಯವಾಯಿತು. ಆದರೆ ಅವಳು ಏನೂ ಕೇಳಲಿಲ್ಲ. ಅವಳನ್ನೂ ಯಾರೂ ಕೇಳಲಿಲ್ಲ, ಕುಪ್ಪಸ ಅವಳದೇ ಆದರೂ.

ಮರುದಿನ ಜಗಲಿಯಲ್ಲಿ ಮರದ ಚೌಕಟ್ಟು ನಿಂತಿತು. ಮಖಮಲ್ಲನ್ನು ಡೋಲಿನ ಚರ್ಮದಂತೆ ಬಿಗಿದು ಕಟ್ಟಿದರು. ಬಿಯಾನಿ ತನ್ನ ಕಾಗದ ನೋಡಿಕೊಂಡು ಬಿಳಿ ಬಣ್ಣದ ಕಡ್ಡಿಯಲ್ಲಿ ಇಡೀ ಬಟ್ಟೆಯ ಮೇಲೆ ಗೆರೆ ಎಳೆದಳು, ನಡುವೆ ಕತ್ತು ತೂರುವ ಜಾಗಕ್ಕೆ ಒಂದು ಗುರುತು ಬಿಟ್ಟಳು. ಈ ಊರಿನ ಕುಪ್ಪಸ ಒಂದೇ ತುಂಡು. ಕಸೂತಿಯೆಲ್ಲ ಮುಗಿದ ಮೇಲೆ ಹೆಗಲ ಮೇಲೆ ಮಡಚಿ, ಕತ್ತಿನ ತೂತು ಕತ್ತರಿಸಿ, ಪಕ್ಕ ಹೊಲಿಯುತ್ತಾರೆ. ಬಿಯಾನಿ ಎದೆಯ ಭಾಗದ ಕಡೆ ಕೂತಳು. ಬೆನ್ನಿನ ಭಾಗ ನನಗಿರಲಿ ಎಂದು ತೊಮಾಸಾ ಆ ತುದಿಗೆ ಕುರ್ಚಿ ಎಳೆದುಕೊಂಡಳು.

ಹತ್ತು ದಿನ ಎಲ್ಲವೂ ಚೆನ್ನಾಗಿತ್ತು. ಹನ್ನೊಂದನೆಯ ದಿನ ಬಿಯಾನಿ ಹಳದಿ ರೇಷ್ಮೆ ದಾರದ ಉಂಡೆ ತೆಗೆದು ಸೂಜಿಗೆ ಪೋಣಿಸಿದಳು.

ದೇವಗಣಗಿಲೆಯ ಹೂ ಬಿಳಿಯೇ. ಆದರೆ ಅದರ ಗಂಟಲು, ಎಸಳುಗಳು ಕೂಡುವ ನಡುಭಾಗ, ಹಳದಿ. ಕಪ್ಪಿನ ಮೇಲೆ ಬರಿಯ ಬಿಳಿ ಇದ್ದರೆ ಅದು ಸತ್ತವರಿಗಾಗಿ ಉಟ್ಟ ಬಟ್ಟೆ. ಒಂದು ಹಳದಿ ಎಳೆ ಬಿದ್ದರೂ ಉಟ್ಟವಳ ದುಃಖ ಮುಗಿಯಿತೆಂದು ಊರಿಗೆ ಸಾರಿದಂತೆ. ಇದು ಹುಡುಗಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಸಂತೆಯಿಂದ ದೆಲ್ಫೀನಾ ಬುಟ್ಟಿ ಇಳಿಸುವ ಹೊತ್ತಿಗೆ ಒಂದು ಹೂವಿನ ಗಂಟಲು ಹಳದಿಯಾಗಿತ್ತು, ತೊಮಾಸಾ ಬ್ಲೇಡು ಹಿಡಿದು ನಿಂತಿದ್ದಳು.

"ಅದನ್ನ ಬಿಚ್ಚು."

"ಹೂ ಹೆಂಗೈತೋ ಹಂಗೆ ಹಾಕಿದ್ದೀನಿ. ನೀನೇ ಅಲ್ವಾ ಬರ್ದಂಗೇ ಹೊಲೀತೀನಿ ಅಂದಿದ್ದು?"

"ಕಾಗದದಲ್ಲಿ ನೀನು ಹಳದಿ ಬರೆದಿರಲಿಲ್ಲ."

"ಪೆನ್ಸಿಲ್‌ನಲ್ಲಿ ಹಳದಿ ಎಲ್ಲಿಂದ ಬರುತ್ತಜ್ಜಿ?"

ತೊಮಾಸಾ ಬಾಗಿ ತಾನೇ ಬಿಚ್ಚಿದಳು. ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಉಳಿದವು, ಮಖಮಲ್ಲಿನ ನವಿರು ಅಲ್ಲಿ ಸತ್ತು ಬಿದ್ದಿತು. ಮಖಮಲ್ಲಿಗೆ ಮರೆವಿಲ್ಲ. ಎರಡು ಸಲ ಬಿಚ್ಚಿದರೆ ಹರಿಯುತ್ತದೆ, ಬಟ್ಟೆಯೇ ದಂಡ. ಅಷ್ಟು ಕಸುಬುದಾರಿಕೆ ಇಬ್ಬರಿಗೂ ಇದ್ದುದರಿಂದ ಅವತ್ತು ಒಂದು ರಾಜಿಯಾಯಿತು: ಎಸಳುಗಳನ್ನೆಲ್ಲ ಮುಗಿಸುವುದು, ಗಂಟಲು ಖಾಲಿ ಬಿಡುವುದು, ಯಾವ ದಾರವೆಂದು ಆಮೇಲೆ ನೋಡುವುದು. ಹೀಗೆ ಹೂಗಳು ಒಂದೊಂದಾಗಿ ಅರಳಿದವು, ಪ್ರತಿಯೊಂದರ ನಡುವೆಯೂ ಕಪ್ಪು ತೂತು. ದೆಲ್ಫೀನಾ ಅದನ್ನು ದಾಟಿ ಹೋಗುವಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದಳು.

ಮಾರ್ಚ್ ಬಂತು, ಗಾಳಿ ನಿಂತಿತು. ಸಂತೆಯಲ್ಲಿ ಪಕ್ಕದ ಮೀನಿನವಳು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ, ನಿನ್ನ ನಾದಿನಿ ಲುಗಾರ್ದಾ ಹೊಸ ಚಿನ್ನದ ಓಲೆ ಕೊಂಡಳಂತಲ್ಲ, ಬಿಯಾನಿಯ ಜೊತೆ ಕುಣಿಯುವವಳು ಅವಳೇ ಅಂತೆ, ನಿಮ್ಮತ್ತೆ ಉತ್ಸವದ ಹಿರಿಯರಿಗೆ ಹೋದ ತಿಂಗಳೇ ಹೇಳಿ ಬಂದಿದ್ದಾಳಂತೆ ಎಂದಳು. ದೆಲ್ಫೀನಾ ಹೌದು ಎಂದಳು. ತನಗೆ ಗೊತ್ತಿರಲಿಲ್ಲ ಎಂದು ಮೀನಿನವಳ ಮುಂದೆ ಒಪ್ಪಿಕೊಳ್ಳುವುದುಂಟೇ? ಅರ್ಧ ಬುಟ್ಟಿ ರೊಟ್ಟಿ ಉಳಿಸಿಕೊಂಡೇ ಮನೆಗೆ ಬಂದಳು.

ತೊಮಾಸಾ ಊಟಕ್ಕೆ ಕೂತಿದ್ದಳು. ದೆಲ್ಫೀನಾ ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಮೇಲಿನ ನಾಲ್ಕು ರೊಟ್ಟಿ ಚೂರಾದವು.

"ನನ್ನ ಮಗಳ ಜೊತೆ ಯಾರು ಕುಣೀಬೇಕು ಅಂತ ಮೀನಿನವಳ ಬಾಯಲ್ಲಿ ಕೇಳಬೇಕಾ ನಾನು?"

"ಕೂಗಾಡಬೇಡ. ಗಾಳಿ ನಿಂತೈತೆ."

"ನಿಲ್ಲಲಿ. ಎಲ್ರೂ ಕೇಳಲಿ. ಹೆತ್ತವಳು ನಾನು, ಅತ್ತೆ. ಅವಳಿಗೆ ಇಂಥ ದಿನ ಇನ್ನೊಂದು ಬರಲ್ಲ. ನಾನು ಹಿಂದಿನ ಕುರ್ಚೀಲಿ ಕೂತು ತಟ್ಟೆ ಹಂಚ್ತಾ ಇರ್ಬೇಕಾ?"

"ನಾನೂ ಕೂತಿದ್ದೆ. ಲುಗಾರ್ದಾ ನಾಯಕಿ ಆದಾಗ ನಾನೂ ಹಿಂದಿನ ಕುರ್ಚೀಲೇ ಕೂತಿದ್ದೆ. ನಾನೇನು ಸತ್ತೋದ್ನಾ?"

"ನೀವು ಕೂತಿದ್ರಿ ಅಂತ ನಾನೂ ಕೂರ್ಬೇಕಾ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ತನ್ನ ಕಾಲವೇ ಸೊಸೆಯ ಕಾಲವೂ ಆಗಲಿ ಎಂದು ಹಟ ಹಿಡಿಯುವ ಅತ್ತೆಯರ ಬಗ್ಗೆ ಗಾದೆ ಏನೂ ಹೇಳುವುದಿಲ್ಲ. ತೊಮಾಸಾ ಚೂರಾದ ರೊಟ್ಟಿಯನ್ನು ಬೆರಳಿನಿಂದ ಒಂದು ಕಡೆ ಗುಡಿಸಿದಳು. ಮಾತಾಡಿದಾಗ ಅವಳ ದನಿ ಕೆಳಗಿಳಿದಿತ್ತು.

"ಲುಗಾರ್ದಾ ಮೂರೇ ತಿಂಗಳಿಗೆ ಅಣ್ಣನ ಕಪ್ಪು ಬಿಟ್ಲು. ನೀನೂ ಬಣ್ಣ ಉಟ್ರೆ, ಅವನಿಗೆ ಅಳೋಳು ಅಂತ ನಾನೊಬ್ಳೇ ಉಳೀತೀನಿ."

ಅದು ಸುಳ್ಳಲ್ಲವೆಂದು ದೆಲ್ಫೀನಾಳಿಗೆ ಗೊತ್ತಿತ್ತು. ಆದರೂ ಹಳದಿ ಬೇಡ ಎನ್ನುವ ಮಾತು ಅವಳ ಬಾಯಿಂದ ಬರಲಿಲ್ಲ.

ಅಲ್ಲಿಂದ ಮನೆಯೊಳಗೆ ಒಂದು ಮೂಕ ಯುದ್ಧ ನಡೆಯಿತು. ಅತ್ತೆ ಸೊಸೆ ಮಾತು ಬಿಟ್ಟರು. ಸಾರಿಗೆ ಉಪ್ಪು ಜಾಸ್ತಿಯಾಗಿದೆಯೆಂದು ನಿಮ್ಮವ್ವನಿಗೆ ಹೇಳು ಎಂದು ತೊಮಾಸಾ ಮೊಮ್ಮಗಳ ಕೈಲಿ ಹೇಳಿಸುತ್ತಿದ್ದಳು, ಬೇಕಾದರೆ ನೀರು ಬೆರೆಸಿಕೊಳ್ಳಲಿ ಎಂದು ದೆಲ್ಫೀನಾ ಅವಳ ಕೈಲೇ ಉತ್ತರ ಕಳಿಸುತ್ತಿದ್ದಳು. ಇಬ್ಬರೂ ಒಂದೇ ಅಡುಗೆಮನೆಯಲ್ಲಿದ್ದರು, ನಡುವೆ ನಾಲ್ಕಡಿ ಜಾಗ. ತೊಮಾಸಾ ಅಂಗಳ ಗುಡಿಸುವುದನ್ನು ಬಿಟ್ಟಳು. ದೆಲ್ಫೀನಾ ಅತ್ತೆಯ ಬಟ್ಟೆ ಒಗೆಯುವುದನ್ನು ಬಿಟ್ಟಳು. ನಾನೇನು ಅಂಚೆಯವಳೇ ಎಂದು ಬಿಯಾನಿ ಒಂದು ದಿನ ಊಟ ಬಿಟ್ಟೆದ್ದು ಹೋದಳು. ಕಸೂತಿ ಮಾತ್ರ ನಿಲ್ಲಲಿಲ್ಲ. ಹೊರಗೆ ಮರದ ಎಲೆ ಪೂರ್ತಿ ಉದುರಿ ಮೊದಲ ಗೊಂಚಲು ಬಿರಿಯಿತು, ಒಳಗೆ ಚೌಕಟ್ಟಿನ ಮೇಲೆ ಹೂಗಳು ಒಂದನ್ನೊಂದು ಮುಟ್ಟುವಷ್ಟಾದವು.

ಏಪ್ರಿಲ್ ನಡುವಿನಲ್ಲಿ ಕೊನೆಯ ಎಸಳು ಮುಗಿಯಿತು. ಅವತ್ತು ಲುಗಾರ್ದಾ ಬಂದಿದ್ದಳು, ಹೊಸ ಓಲೆ ಹಾಕಿಕೊಂಡೇ. ಬಿಯಾನಿ ಚೌಕಟ್ಟಿನ ಹಗ್ಗ ಬಿಚ್ಚಿ, ಮಖಮಲ್ಲನ್ನು ಹೆಗಲ ಗೆರೆಯ ಮೇಲೆ ಮಡಚಿ, ಅವ್ವನ ಒಂದು ಹೆಗಲ ಮೇಲೆ ಮುಂದರ್ಧ ಎದೆಗೆ, ಹಿಂದರ್ಧ ಬೆನ್ನಿಗೆ ಇಳಿಬಿಟ್ಟು ಹಿಡಿದಳು. ಎದೆಯ ಮೇಲೆ ಮರ ಚೆಂದವಾಗಿ ನಿಂತಿತ್ತು. ಹಿಂದೆ ಸುತ್ತಿ ಬಂದ ಲುಗಾರ್ದಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಅತ್ತಿಗೆ, ಬೆನ್ನ ಮೇಲೆ ಮರ ಶೀರ್ಷಾಸನ ಹಾಕೈತಲ್ಲ."

ನಿಜವೇ. ಒಂದೇ ತುಂಡಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ದಿಕ್ಕಿಗೆ ಬರೆದದ್ದು, ಹೆಗಲ ಮೇಲೆ ಮಡಚಿದಾಗ ಹಿಂದಿನ ಅರ್ಧ ಬುಡಮೇಲಾಗಿತ್ತು. ಗುಲಾಬಿಯಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಚೆಲ್ಲಿದ ಗುಲಾಬಿಗೆ ಮೇಲೇನು, ಕೆಳಗೇನು? ಮರಕ್ಕೆ ಬುಡವಿದೆ, ತುದಿಯಿದೆ. ಇಡೀ ಊರು ಗುಲಾಬಿಯನ್ನೇ ಹೊಲಿದದ್ದರಿಂದ ಹುಡುಗಿಗೆ ಇದು ಹೊಳೆದಿರಲೇ ಇಲ್ಲ. ಎರಡು ತಿಂಗಳ ಕೆಲಸ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ದೆಲ್ಫೀನಾ ಬಟ್ಟೆಯ ಕಡೆ ನೋಡಲಿಲ್ಲ. ಅವಳು ಅತ್ತೆಯ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಆಶ್ಚರ್ಯ ಕಿಂಚಿತ್ತೂ ಇರಲಿಲ್ಲ. ಅತ್ತೆ ಕಾಗದವನ್ನು ತಲೆಕೆಳಗು ಮಾಡಿ ನೋಡಿದ್ದು ಸೊಸೆಯ ನೆನಪಿಗೆ ಬಂತು, ಬೆನ್ನಿನ ಭಾಗ ನನಗಿರಲಿ ಎಂದದ್ದೂ.

"ಅತ್ತೆ, ನಿಮ್ಗೆ ಗೊತ್ತಿತ್ತು."

ಒಂದೂವರೆ ತಿಂಗಳ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು. ತೊಮಾಸಾ ಮಡಿಲಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

"ಗೊತ್ತಿತ್ತು," ಎಂದಳು. "ಮೊದಲ್ನೇ ದಿನವೇ."

"ಮಗೂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ಉಡ್ತಿದ್ದೆ."

ಬಿಯಾನಿ ಅಜ್ಜಿಯನ್ನೇ ನೋಡುತ್ತ ಎರಡು ಹೆಜ್ಜೆ ಹಿಂದೆ ಸರಿದಳು. ಎರಡು ತಿಂಗಳು ತನ್ನ ಎದುರು ಕೂತು, ನಗುತ್ತ, ದಾರ ಪೋಣಿಸಿಕೊಡುತ್ತ, ತಲೆಕೆಳಗಾದ ಹೂವನ್ನು ಅಷ್ಟು ಅಂದವಾಗಿ ಹೊಲಿದ ಅಜ್ಜಿ. ಹುಡುಗಿ ಅಳಲಿಲ್ಲ, ಅತ್ತಿದ್ದರೆ ವಾಸಿಯಿತ್ತು. ಅಂಗಳಕ್ಕಿಳಿದು ಮರದ ಕೆಳಗೆ ಬೆನ್ನು ತಿರುಗಿಸಿ ಕೂತಳು. ಲುಗಾರ್ದಾ ಕೂಡ ನಗು ನಿಲ್ಲಿಸಿ ತಾಯಿಯನ್ನು ಹೊಸಬಳೆಂಬಂತೆ ನೋಡಿದಳು.

ದೆಲ್ಫೀನಾ ನೆಲದಿಂದ ಮಖಮಲ್ಲು ಎತ್ತಿದಳು. ಮೇಜಿನ ಮೇಲೆ ಹರಡಿ, ಅತ್ತೆಯ ದೊಡ್ಡ ಕತ್ತರಿ ತೆಗೆದುಕೊಂಡು, ಹೆಗಲ ಗೆರೆಗೆ ಇಟ್ಟಳು.

"ಮಾಡಬೇಡ," ಎಂದಳು ತೊಮಾಸಾ ಅರ್ಧ ಎದ್ದು. "ಹೆಗಲ ಮೇಲೆ ಹೊಲಿಗೆ ಇದ್ರೆ ತುಂಡುಬಟ್ಟೆ ಕುಪ್ಪಸ ಅಂತಾರೆ. ಊರೆಲ್ಲ ನಗುತ್ತೆ. ನನ್ನ ಮನೆಯಿಂದ ಅಂಥದ್ದು ಒಂದೂ ಹೊರಗೆ ಹೋಗಿಲ್ಲ."

"ನಗಲಿ. ಎರಡು ವರ್ಷದಿಂದ ಈ ಹೆಗಲ ಮೇಲೆ ಇರೋದಕ್ಕಿಂತ ಒಂದು ಹೊಲಿಗೆ ಭಾರ ಅಲ್ಲ."

ಕತ್ತರಿ ಮಖಮಲ್ಲಿನಲ್ಲಿ ಸದ್ದಿಲ್ಲದೆ ಓಡಿತು. ದೆಲ್ಫೀನಾ ಹಿಂದಿನ ಅರ್ಧವನ್ನು ತಿರುಗಿಸಿ ಜೋಡಿಸಿದಳು. ಮರ ನೆಟ್ಟಗಾಯಿತು.

ಮರುದಿನ ಸಂತೆಯಿಂದ ಬಂದವಳೇ ಹಳದಿ ದಾರದ ಉಂಡೆ ಹಿಡಿದು ಜಗಲಿಯಲ್ಲಿ ಕೂತಳು. ಕಸೂತಿ ಅವಳ ಕಸುಬಲ್ಲ. ಒಲೆಯ ಕಾವಿಗೆ ಒಡೆದ ಬೆರಳಿಗೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಬಿಯಾನಿ ನಾನು ಹಾಕುತ್ತೇನೆ ಎಂದಾಗ, ಬೇಡ, ಇದು ನಾನೇ ಹಾಕಬೇಕಾದದ್ದು ಎಂದಳು. ಮೊದಲ ಗಂಟಲು ಮೊಟ್ಟೆ ಒಡೆದು ಹಚ್ಚಿದಂತೆ ಬಂತು. ಎರಡನೆಯದು ಅದಕ್ಕಿಂತ ಕೆಟ್ಟದಾಗಿತ್ತು.

ತೊಮಾಸಾ ಜೋಲಿಯಲ್ಲಿ ಮಲಗಿ ನೋಡುತ್ತಿದ್ದಳು. ಮೊಮ್ಮಗಳು ಅವಳಿಗೆ ಗಂಜಿ ತಂದಿಡುತ್ತಿದ್ದಳು, ಮಾತಿಲ್ಲ. ಮಗಳು ಲುಗಾರ್ದಾ ನಾಲ್ಕು ದಿನದಿಂದ ಇತ್ತ ಬಂದಿರಲಿಲ್ಲ. ಮೊದಲು ತೊಮಾಸಾ ಮಾಡಿದ್ದ ಮೂಕ ಯುದ್ಧ ಈಗ ಅವಳ ಮೇಲೇ ತಿರುಗಿತ್ತು. ಮನೆಯಲ್ಲಿ ಎಲ್ಲರೂ ಇದ್ದು ಯಾರೂ ಇಲ್ಲದ ಹಾಗಾಗುವುದು ಅಂದರೇನೆಂದು ಆ ಮುದುಕಿಗೆ ತಿಳಿಯಿತು. ಮಗ ಸತ್ತಾಗ ಕೂಡ ಇಷ್ಟು ಒಂಟಿಯಾಗಿರಲಿಲ್ಲ ಅವಳು, ಪಕ್ಕದಲ್ಲಿ ಸೊಸೆ ಕೂತು ಅಳುತ್ತಿದ್ದಳು.

ಐದನೆಯ ದಿನ ದೆಲ್ಫೀನಾ ದಾರ ಎಳೆದಾಗ ಮಖಮಲ್ಲು ಸುಕ್ಕುಗಟ್ಟಿತು. ಜೋಲಿ ಕಿರುಗುಟ್ಟಿತು.

"ಹಂಗೆ ಎಳೀಬೇಡ. ಬಟ್ಟೆಗೆ ಉಸಿರು ಕಟ್ಟುತ್ತೆ." ತೊಮಾಸಾ ಎದ್ದು ಬಂದು ಹಿಂದೆ ನಿಂತಿದ್ದಳು. "ಒಳಗಿಂದ ಹೊರಕ್ಕೆ ಬಾ. ತುದೀಲಿ ಎಳೆ ತೆಳ್ಳಗಾಗಲಿ. ಹೂವಿನಲ್ಲಿ ಹಳದಿ ಎಲ್ಲಿ ನಿಲ್ಲುತ್ತೆ ಅಂತ ಯಾರಿಗಾದ್ರೂ ತೋರ್ಸಕ್ಕಾಗುತ್ತಾ?"

ದೆಲ್ಫೀನಾ ತಲೆಯೆತ್ತಲಿಲ್ಲ. ಹೇಳಿದ ಹಾಗೆ ಹಾಕಿದಳು. ಈ ಸಲ ಅದು ಹೂವಿನಂತೆ ಕಂಡಿತು.

"ಹೂಂ," ಎಂದಳು ತೊಮಾಸಾ. ಸೂಜಿ ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು ಅಷ್ಟೇ. ಆಮೇಲಿನ ದಿನಗಳಲ್ಲೂ ಕೂತಳು, ಬೈಯುತ್ತ, ತಿದ್ದುತ್ತ, ಬೆರಳಿಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ ತಂದಿಡುತ್ತ. ತಪ್ಪಾಯಿತು ಎಂದು ಅವಳು ಸೊಸೆಗೆ ಹೇಳಲಿಲ್ಲ. ಮೊಮ್ಮಗಳಿಗೆ ಹೇಳಿದಳು, ಒಂದು ಸಂಜೆ, ಮರದ ಕೆಳಗೆ. ಏನು ಹೇಳಿದಳೋ ದೆಲ್ಫೀನಾಳಿಗೆ ಕೇಳಿಸಲಿಲ್ಲ, ಆದರೆ ಇಬ್ಬರೂ ಒಳಗೆ ಬಂದಾಗ ಅಳುತ್ತಿದ್ದರು.

ಹೆಗಲ ಹೊಲಿಗೆ ಹಾಕುವ ದಿನ ತೊಮಾಸಾ ಸೂಜಿಗೆ ಕೈ ಚಾಚಿದಳು. ಎರಡು ತುಂಡುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆಯಲ್ಲಿ ಸೇರಿಸಿ, ಅದರ ಮೇಲೆ ಎದೆಯ ಕೊಂಬೆಯೊಂದನ್ನು ಬೆನ್ನಿನ ಕಡೆಗೆ ದಾಟಿಸಿದಳು. ಹೊಲಿಗೆ ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುವ ಹಾಗೆ. ಮರುದಿನ ಉತ್ಸವದ ಹಿರಿಯರ ಬಳಿ ಹೋಗಿ, ಕುಣಿಯುವವಳು ಹೆತ್ತವಳೇ ಎಂದು ತಾನೇ ಹೇಳಿ ಬಂದಳು. ಲಂಗಕ್ಕೆ ಹೂ ಹಾಕಲು ದಿನ ಉಳಿದಿರಲಿಲ್ಲ, ಬರಿಯ ಕಪ್ಪು ಲಂಗಕ್ಕೆ ಬಿಳಿ ಲೇಸಿನ ಅಂಚು ಸಾಕೆಂದರು.

ಉತ್ಸವದ ಹಿಂದಿನ ದಿನ ಬಿಯಾನಿ ಕುಪ್ಪಸವನ್ನು ಕೊನೆಯ ಸಲ ಪರೀಕ್ಷಿಸುತ್ತಿದ್ದಳು. ಬೆನ್ನಿನ ಎಡಗಡೆ, ಹೆಗಲಿನ ಸ್ವಲ್ಪ ಕೆಳಗೆ, ಒಂದು ಹೂವಿನ ಗಂಟಲು ಖಾಲಿ ಉಳಿದಿತ್ತು.

"ಅವ್ವ, ಒಂದು ಮರ್ತಿದ್ದೀಯ," ಎಂದು ಸೂಜಿ ತೆಗೆದಳು.

ತೊಮಾಸಾಳ ಕೈ ಬಂದು ಆ ಹೂವಿನ ಮೇಲೆ ಮಲಗಿತು.

"ಮರ್ತಿಲ್ಲ. ನಾನೇ ಕೇಳ್ಕೊಂಡೆ," ಎಂದಳು. ಆಮೇಲೆ ಸೊಸೆಯ ಕಡೆ ನೋಡದೆ, "ಅದೊಂದು ಅವನದು. ನಿನಗೆ ಕಾಣ್ಸಲ್ಲ, ಬೆನ್ನ ಮೇಲೈತೆ. ಹಿಂದೆ ಕೂತೋಳಿಗೆ ಕಾಣುತ್ತೆ," ಎಂದಳು.

ದೆಲ್ಫೀನಾ ಮಗಳ ಕೈಯಿಂದ ಸೂಜಿ ತೆಗೆದು ಡಬ್ಬಿಗೆ ಹಾಕಿದಳು.

ಮರುದಿನ ಹೊತ್ತು ಇಳಿಯುವಾಗ ಚಪ್ಪರದ ಕೆಳಗೆ ವಾದ್ಯ ಶುರುವಾಯಿತು. ಕಪ್ಪುಟ್ಟ ಹೆಂಗಸರು ಹಿಂದಿನ ಸಾಲಿನ ಕುರ್ಚಿಗಳಲ್ಲಿ ಕೂತಿದ್ದರು, ತೊಮಾಸಾ ಅವರ ನಡುವೆ. ಪಕ್ಕದವಳು ಅವಳ ಕಿವಿಯಲ್ಲಿ, ಹೆಗಲ ಮೇಲೆ ಹೊಲಿಗೆ ಇದ್ದ ಹಾಗಿದೆಯಲ್ಲ ಎಂದು ಕೇಳಿದಳು. ಹೌದು, ನಾನೇ ಹಾಕಿದ್ದು, ಏನೀಗ ಎಂದು ತೊಮಾಸಾ ಮೂರು ಸಾಲಿಗೆ ಕೇಳಿಸುವಂತೆ ಹೇಳಿದಳು. ಲುಗಾರ್ದಾ ಹೊಸ ಓಲೆ ಅಲ್ಲಾಡಿಸುತ್ತ ತಾಯಿಯ ಹತ್ತಿರ ಬಂದು ಕೂತಳು.

ದೆಲ್ಫೀನಾ ಮಗಳ ಕೈ ಹಿಡಿದು ಅಂಗಳಕ್ಕಿಳಿದಳು. ಮೊದಲ ಎರಡು ಹೆಜ್ಜೆ ತಪ್ಪಿತು. ಬಿಯಾನಿ ನಗುತ್ತ ಸರಿಮಾಡಿದಳು. ಆ ಕುಣಿತದಲ್ಲಿ ಸುತ್ತು ಬರಬೇಕು, ಸುತ್ತು ಬರುವಾಗ ಕುರ್ಚಿಗಳಲ್ಲಿ ಕೂತ ಹಿರಿಯರಿಗೆ ಬೆನ್ನು ತೋರಿಸದೆ ಚುರುಕಾಗಿ ತಿರುಗಿಬಿಡಬೇಕು, ಅದು ಮರ್ಯಾದೆ. ದೆಲ್ಫೀನಾ ಮೊದಲ ಸುತ್ತಿನಲ್ಲಿ ಹಾಗೇ ತಿರುಗಿದಳು. ಎರಡನೆಯ ಸುತ್ತಿನಲ್ಲಿ ಹಿಂದಿನ ಕುರ್ಚಿಗಳ ಮುಂದೆ ಬಂದಾಗ ಅವಳು ತಿರುಗಲಿಲ್ಲ. ಅತ್ತೆಗೆ ಪೂರ್ತಿ ಬೆನ್ನು ಕೊಟ್ಟು, ಒಂದು ಗಳಿಗೆ ಹಾಗೇ ನಿಂತಳು.